ಮರೆಯದಿರಿ, ಮರೆತು

ಬೆಳಗ್ಗೆ ಎಂಟೂವರೆಗೆ ನುಳ್ಳಿಪ್ಪಾಡಿಯಿಂದ ಹೊರಡುತ್ತದೆ
ಅಂದುಂಞಿಯ ಆಟೋ, ತಲೆಯ ಮೇಲೆ ಎರಡು ಕಹಳೆ ಸ್ಪೀಕರು,
ಹಿಂದಿನ ಸೀಟಿನಲ್ಲಿ ಬ್ಯಾಟರಿ, ನಾನು, ನನ್ನ ಗಂಟಲು,
ಮಡಿಲಲ್ಲಿ ಈ ವಾರದ ಚೀಟಿಗಳು.

ಶುಕ್ರವಾರ ತಾಯಲಂಗಾಡಿಯಲ್ಲಿ ಕೋಲ್ಕಳಿ.
ಶನಿವಾರ ಟೌನ್ ಹಾಲಿನೆದುರು ಹೆಂಗಸರ ಸಂಘದ ತಿಂಡಿಮೇಳ:
ಕಲ್ತಪ್ಪ, ಪತ್ತಿರಿ, ಮರಗೆಣಸಿಗೆ ಮೀನಿನ ಗಸಿ,
ಹಲಸಿನೆಲೆಯ ಕೊಟ್ಟಿಗೆ.
ಕೊಟ್ಟಿಗೆ ಎಂದರೆ ತಿನ್ನುವುದು, ದನ ಕಟ್ಟುವುದಲ್ಲ
ಎಂದು ಘಟ್ಟದ ಮೇಲಿಂದ ವರ್ಗವಾಗಿ ಬಂದ ಬ್ಯಾಂಕಿನವರಿಗಾಗಿ
ಪ್ರತಿ ಸಲ ಬಿಡಿಸಿ ಹೇಳುತ್ತೇನೆ.
ಭಾನುವಾರ ಶಾಲೆಯ ಮೈದಾನದಲ್ಲಿ ಬಯಲಾಟ,
ಹಾಸ್ಯಕ್ಕೆ ತ್ಯಾಂಪಣ್ಣ.

ಬ್ಯಾಂಕ್ ರೋಡಿನಲ್ಲಿ ಮಲಯಾಳ, ಕರಂದಕ್ಕಾಡಿನಲ್ಲಿ ಕನ್ನಡ,
ಮೀನು ಮಾರ್ಕೆಟಿನ ತಿರುವಿನಲ್ಲಿ ಎರಡೂ ಕಲಸಿ,
ಹೊಂಡಕ್ಕೆ ಚಕ್ರ ಬಿದ್ದಾಗ ಮಾತ್ರ ತುಳು.
ಬಾಲ ಎಲ್ಲೆಲ್ಲೂ ಒಂದೇ:
ಬನ್ನಿರಿ, ಬನ್ನಿರಿ, ಮರೆಯದಿರಿ,
ಮರೆತು ನಿರಾಶರಾಗದಿರಿ.

ಇಪ್ಪತ್ತಾರು ವರ್ಷ.
ಕರೆದವನು ನಾನು, ಹೋದವನಲ್ಲ.
ಇಲ್ಲಿ ಚೆಂಡೆಗೆ ಮೊದಲ ಪೆಟ್ಟು ಬೀಳುವಾಗ
ನಾವು ಉಪ್ಪಳದಲ್ಲೋ ಬದಿಯಡ್ಕದಲ್ಲೋ
ನಾಳೆಯದನ್ನು ಕೂಗುತ್ತಿರುತ್ತೇವೆ.
ಕಲ್ತಪ್ಪದ ರುಚಿ ಗೊತ್ತುಂಟು, ತಣ್ಣಗಿನದ್ದು,
ಮೇಲಿನ ಈರುಳ್ಳಿ ಮೆತ್ತಗಾದದ್ದು,
ಮೇಳ ಮುಗಿಸಿ ಸಂಘದ ರುಕಿಯಾ ತೆಗೆದಿಟ್ಟದ್ದು.
ಮತ್ತೆ ಗೊತ್ತಿರುವುದು ಕಿಟಕಿಗಳು. ಆಟೋ ಬಂತೆಂದರೆ
ಟಪ್ ಟಪ್ ಎಂದು ಮುಚ್ಚಿಕೊಳ್ಳುವುದು.

ಮೊನ್ನೆ ಭಾನುವಾರ ಆಟದವರ ಮೈಕ್ ಕೈಕೊಟ್ಟಿತು.
ನಿನ್ನ ಕಹಳೆ ತಾ ಮಾರಾಯ, ಎಂದು ಅಂದುಂಞಿಗೆ ಫೋನು.
ಹೀಗೆ ರಾತ್ರಿ ಒಂಬತ್ತಕ್ಕೆ ನಮ್ಮವೆರಡೂ
ರಂಗಸ್ಥಳದ ಬಿದಿರಿಗೆ ಕಟ್ಟಿಸಿಕೊಂಡು ನಿಂತವು,
ಭಾಗವತರ ಏರುದನಿ ಅದರೊಳಗಿಂದ
ಸ್ವಲ್ಪ ಕೆಮ್ಮಿಕೊಂಡೇ ಹೊರಬಂತು.
ಬಿಟ್ಟು ಹೋಗುವ ಹಾಗಿಲ್ಲ. ಪ್ಲಾಸ್ಟಿಕ್ ಕುರ್ಚಿ ಸಿಕ್ಕಿತು.
ಕೂತೆ. ಚರುಮುರಿಯ ಪೊಟ್ಟಣ ಬಿಚ್ಚಿದೆ.

ಒಡ್ಡೋಲಗ ಮುಗಿದು ದೂತ ಬಂದ, ತ್ಯಾಂಪಣ್ಣ,
ಕೆನ್ನೆಗೆ ಒಂದೇ ಬಿಳಿ ಬೊಟ್ಟು.
ಎಲವೋ, ಸ್ವಯಂವರದ ಡಂಗುರ ಸಾರಿ ಬಂದೆಯಾ?
ಬಂದೆ ಒಡೆಯಾ.
ಹೇಗೆ ಸಾರಿದೆ?

ತ್ಯಾಂಪಣ್ಣ ಕುಕ್ಕುರು ಕೂತ. ಏನೂ ಇಲ್ಲದಲ್ಲಿ
ಆಟೋದ ಹಿಂದಿನ ಸೀಟು ಕಾಣಿಸಿತು.
ಹೊಂಡಕ್ಕೆ ಬಿದ್ದ, ಎದ್ದ, ತುಳುವಿನಲ್ಲಿ ಬೈದ,
ಉಗುಳು ನುಂಗಿದ, ಎಡಗೈಯಿಂದ ಕಿವಿ ಮುಚ್ಚಿಕೊಂಡ.
ನಾನು ಹಾಗೆ ಮಾಡುವುದುಂಟೆಂದು ನನಗೇ ಗೊತ್ತಿರಲಿಲ್ಲ.
ಆಮೇಲೆ ನನ್ನದೇ ಮೂಗಿನಿಂದ, ನನ್ನದೇ ಕಹಳೆಯಲ್ಲಿ:
ಬಂ...ನ್ನಿರಿ! ರಾಜಕುಮಾರಿಯ ಮಾಲೆ, ಜೊತೆಗೆ
ಬಿಸಿ ಬಿಸಿ ಕೊಟ್ಟಿಗೆ. ಕೊಟ್ಟಿಗೆ ಎಂದರೆ ಒಡೆಯಾ,
ನಿಮ್ಮನ್ನು ಕಟ್ಟುವುದಲ್ಲ.

ಮೈದಾನ ಬಿದ್ದು ಬಿದ್ದು ನಕ್ಕಿತು.
ಕನ್ನಡ ಬಾರದವರು ಪಕ್ಕದವರನ್ನು ಕೇಳಿ
ಒಂದು ಗಳಿಗೆ ತಡವಾಗಿ, ಬಾಕಿಯೂ ಸೇರಿಸಿ ನಕ್ಕರು.
ಮರೆಯದಿರಿ, ಎಂದ ತ್ಯಾಂಪಣ್ಣ. ಮರೆತು...
ನಿಲ್ಲಿಸಿದ. ತಲೆ ತುರಿಸಿದ.
ಮುಂದಿನದು ಮರೆತೇಹೋಯಿತು ಒಡೆಯಾ.
ಇಡೀ ಮೈದಾನ, ಅಜ್ಜಿಯಂದಿರು, ಸೋಡಾದ ಹುಡುಗ,
ಆ ಬ್ಯಾಂಕಿನವರು ಕೂಡ, ಒಂದೇ ಬಾಯಲ್ಲಿ ಹೇಳಿಕೊಟ್ಟಿತು.
ಮುಚ್ಚಿದ ಕಿಟಕಿಗಳ ಒಳಗೆ ಯಾವಾಗಲೋ
ಬಾಯಿಪಾಠ ಆಗಿಬಿಟ್ಟಿತ್ತು.

ನೀನು ಅತ್ತೆ, ಎನ್ನುತ್ತಾನೆ ಅಂದುಂಞಿ.
ಇಲ್ಲ ಮಾರಾಯ, ಚರುಮುರಿಗೆ ಖಾರ ಹೆಚ್ಚಿತ್ತು.

ಸೋಮವಾರ. ಮತ್ತೆ ಎಂಟೂವರೆ. ಮೀನು ಮಾರ್ಕೆಟಿನ ತಿರುವು.
ಬುಧವಾರ ಮಿಮಿಕ್ರಿ, ಗುರುವಾರ ದಫ್,
ಶನಿವಾರ ಕಲ್ಲುಮ್ಮಕಾಯಿ ಹುರಿದು ಕೊಡುವ ಸ್ಪರ್ಧೆ.
ಎಡಗೈ ಕಿವಿಯ ಕಡೆ ಹೊರಟಿತ್ತು, ಹಿಡಿದುಕೊಂಡೆ.
ಮರೆಯದಿರಿ, ಎಂದೆ.
ಬಂಗುಡೆ ಕೊಯ್ಯುತ್ತಿದ್ದ ಚೋಮು ಕತ್ತಿ ನಿಲ್ಲಿಸಿ,
ತಲೆಯೆತ್ತದೆ, ಮಗ್ಗಿ ಕೇಳುವ ಟೀಚರಿನ ಹಾಗೆ,
ಮರೆತು? ಎಂದಳು.
ಅಂದುಂಞಿ ಎಂಜಿನ್ ಆಫ್ ಮಾಡಿದ.