ಬೆನ್ನಿನ ನೀರು

ನನಗೆ ಮುಖಗಳು ಗೊತ್ತಿಲ್ಲ.
ನೆಲಮಹಡಿಯ ಈ ಕೋಣೆಗೆ ಇಳಿದು ಬರುವುದು
ಹೆಸರು, ವಯಸ್ಸು, ಹಾಸಿಗೆ ನಂಬರು,
ಮೂರು ಪುಟ್ಟ ಸೀಸೆಗಳಲ್ಲಿ ಬೆನ್ನಿನ ನೀರು.
ಅಟೆಂಡರ್ ಚೌಡರೆಡ್ಡಿ ಇದಕ್ಕೆ ಹಿನ್ನೀರು ಅನ್ನುತ್ತಾನೆ,
ಅವನ ತಮಾಷೆ.

ರೋಗವಿಲ್ಲದ ನೀರು ತಿಳಿ;
ಸೀಸೆಯ ಹಿಂದೆ ಪೇಪರ್ ಹಿಡಿದರೆ
ಚಿನ್ನದ ರೇಟು ಓದಬಹುದು.
ಕೀವಾದರೆ ಅಕ್ಕಿ ತೊಳೆದ ಕಲಗಚ್ಚು.
ಕೆಲವಕ್ಕೆ ಕಪ್ಪು ಶಾಯಿ ಬೆರೆಸಿ ನೋಡಬೇಕು:
ಅಮಾವಾಸ್ಯೆಯೊಳಗೆ ಬೆಳಕಿನ ಉಂಗುರ ತೊಟ್ಟ
ದುಂಡು ದುಂಡು ಬೂಷ್ಟು.
ಚಂದ ಅಂದುಕೊಳ್ಳುವ ಹೊತ್ತಿಗೆ
ಕೈ ತಾನಾಗಿ ರಿಪೋರ್ಟು ಬರೆಯುತ್ತಿರುತ್ತದೆ.

ಆ ರಾತ್ರಿ ಬಂದದ್ದು ಕೆಂಪಹೊನ್ನಯ್ಯ,
ನಲವತ್ತಾರು, ಬಿಎಂಟಿಸಿ ಕಂಡಕ್ಟರ್.
ಸೀಸೆ ತಂದವನೇ ಕಥೆಯನ್ನೂ ತಂದ:
ತಿಂಗಳಿಂದ ಸಣ್ಣ ಜ್ವರ, ಸಂಜೆ ಸಂಜೆಗೆ.
ತಲೆನೋವಿಗೆ ಡಿಪೋ ಪಕ್ಕದ ಅಂಗಡಿಯ ಮಾತ್ರೆ.
ಒಂದು ದಿನ ಡೈರಿ ಸರ್ಕಲ್ಲಿನ ಸಿಗ್ನಲ್ಲಿನಲ್ಲಿ
"ಮೆಜೆಸ್ಟಿಕ್, ಲಾಸ್ಟ್ ಸ್ಟಾಪ್, ಎಲ್ಲಾ ಇಳೀರಿ" ಅಂತ ಕೂಗಿದನಂತೆ.
ಜನ ನಕ್ಕರು, ಕುಡಿದಿದ್ದಾನೆ ಅಂದರು.
ಒಬ್ಬಳು ಮುದುಕಿ ಮಾತ್ರ ನಂಬಿ ಇಳಿದಳಂತೆ.

ಈಗ ಕಣ್ಣು ಮುಚ್ಚಿ ಸ್ಟೇಜು ಹೇಳುತ್ತಾನೆ,
ಯಾವ ರೂಟಿಗೂ ಸೇರದ ಸಾಲು:
ಮಡಿವಾಳ, ಯಶವಂತಪುರ, ಆನೇಪಾಳ್ಯ, ಯಶವಂತಪುರ.
ಹೆಂಡತಿಗೆ "ಆಧಾರ್ ತೋರ್ಸಮ್ಮ" ಅನ್ನುತ್ತಾನೆ.
ಕತ್ತಿನಡಿ ಕೈಯಿಟ್ಟು ಎತ್ತಿದರೆ
ಹಲಗೆ ಎದ್ದಂತೆ ಭುಜವೂ ಜೊತೆಗೇ ಏಳುತ್ತದೆ.

ಕಣ ಎಣಿಸಿದೆ. ಸಕ್ಕರೆ ಕಮ್ಮಿ.
ಬಣ್ಣ ಹಾಕಿ, ಬಿಸಿ ತಾಗಿಸಿ, ಎಣ್ಣೆ ಹನಿಸಿ
ನೀಲಿ ಬಯಲಲ್ಲಿ ಕೆಂಪು ಕಡ್ಡಿ ಹುಡುಕಿದೆ.
ಅರ್ಧ ಗಂಟೆ. ಇಲ್ಲ.
ಉಂಟೆಂದು ಮನಸ್ಸು ಹೇಳುತ್ತಿದ್ದರೂ
ಕಾಣಲಿಲ್ಲ ಎಂದು ಬರೆಯುವುದಕ್ಕೇ ನನಗೆ ಸಂಬಳ.

ಇನ್ನೊಂದು ಸಲ ನೀರು ಬೇಕು ಅಂದರು ಡಾಕ್ಟರು.
ಮುನಿವೆಂಕಟಮ್ಮ ಒಲ್ಲೆ ಅಂದಳಂತೆ.
"ಬೆನ್ನಿನ ನೀರು ತೆಗೆದ್ರೆ ಕಾಲು ಬಿದ್ದೋಗುತ್ತೆ,
ನಮ್ಮ ವಠಾರದಲ್ಲೇ ಒಬ್ಬರಿಗೆ ಆಗದೆ."
ಹೆಬ್ಬೆಟ್ಟನ್ನು ಸೆರಗಲ್ಲಿ ಸುತ್ತಿಟ್ಟುಕೊಂಡು
ಬೆಳಗಿನತನಕ ಕೂತಿದ್ದಳಂತೆ.

ಮೂರನೇ ಸೀಸೆಯನ್ನು ಅಲ್ಲಾಡಿಸದೆ ಇಟ್ಟಿದ್ದೆ.
ಐದು ಗಂಟೆ. ಹೊಸೂರು ರಸ್ತೆಯಲ್ಲಿ ಲಾರಿ ಕಮ್ಮಿಯಾಗಿ
ಹಾಲಿನ ವ್ಯಾನಿನ ಸದ್ದು ಶುರುವಾಗಿತ್ತು.
ನೋಡಿದರೆ ತಿಳಿನೀರಿನ ನಡುವೆ
ಜೇಡ ನೇಯ್ದು ಎದ್ದುಹೋದ ಹಾಗೆ
ಒಂದು ಎಳೆಬಲೆ, ಮೇಲಿಂದ ತೂಗುತ್ತಾ.
ಹನ್ನೊಂದು ವರ್ಷದಲ್ಲಿ ಇದು ನಾಲ್ಕನೆಯದು.
ಉಸಿರಿಗೆ ಹರಿದೀತೆಂದು ಮುಖ ತಿರುಗಿಸಿಕೊಂಡೆ,
ಮೂಗಿಗೆ ಮಾಸ್ಕ್ ಇದ್ದದ್ದೇ ಮರೆತು.

ಹಾಗೆಲ್ಲ ಒಯ್ಯಬಾರದು. ಒಯ್ದೆ,
ಮುಚ್ಚಳ ಬಿಗಿದು, ಮೆಟ್ಟಿಲು ಹತ್ತಿ.
ಮೊದಲ ಸಲ ಒಂದು ನೀರಿಗೆ ಮುಖ ಸಿಕ್ಕಿತು:
ನಾಲ್ಕು ದಿನದ ಗಡ್ಡ, ಅರ್ಧ ಜಾರಿದ ಒಂದು ರೆಪ್ಪೆ,
ಹೊದಿಕೆಯ ಅಂಚನ್ನು ಒಂದೊಂದೇ ಟಿಕೆಟ್ಟಾಗಿ
ಹರಿಯುತ್ತಿದ್ದ ಬೆರಳು.

ಟ್ಯೂಬ್‌ಲೈಟಿಗೆ ಸೀಸೆ ಹಿಡಿದು ತೋರಿಸಿದೆ.
"ಇದು ಇವರ ತಲೇಲಿತ್ತಾ?"
ಹೌದು ಅಂದೆ. ಪೂರ್ತಿ ನಿಜವಲ್ಲ.
ಬಹಳ ಹೊತ್ತು ನೋಡಿದಳು. ಆಮೇಲೆ,
ನೆಂಟರೆದುರು ನಾಚಿದವಳಂತೆ:
"ಮನೇಲೂ ಧೂಳು ಹೊಡೆದು ಎರಡು ತಿಂಗಳಾಯ್ತು ಮೇಡಂ."
ಸೆರಗು ಬಿಚ್ಚಿ ಹೆಬ್ಬೆಟ್ಟು ಚಾಚಿದಳು.

ಅಷ್ಟು ಹೊತ್ತಿಗೆ ಅದರ ಅಗತ್ಯವಿತ್ತೋ ಇಲ್ಲವೋ.
ಕೆಳಗೆ ಬಂದು ಬಲೆಯನ್ನು ಸೂಜಿಯಲ್ಲಿ ಎತ್ತಿ ಹರಡಿದೆ.
ಎಳೆಗೆ ಸಿಕ್ಕಿಕೊಂಡು ಮೂರು ಕೆಂಪು ಕಡ್ಡಿ.
ಜೇಡವಿಲ್ಲದ ಬಲೆಗೂ ಬೇಟೆ ಬೀಳುತ್ತದೆ.

ಮಾತ್ರೆ ಒಂದು ವರ್ಷ ನುಂಗಬೇಕು.
ಮಡಿವಾಳದ ನಂತರ ಯಾವ ಸ್ಟಾಪೆಂದು
ಅವನಿಗೆ ನೆನಪಾಯಿತೋ, ತಿಳಿಯಲಿಲ್ಲ.
ನಾನು ಮತ್ತೆ ಮೇಲೆ ಹೋಗಲಿಲ್ಲ.

ಆವತ್ತು ಪಾಳಿ ಮುಗಿಸಿ ಬಸ್ಸು ಹತ್ತಿದೆ.
ಕಂಡಕ್ಟರ್ ಇನ್ನೂ ಹುಡುಗ, ಎರಡು ಸಲ ಕೆಮ್ಮಿದ.
ಆಧಾರ್ ಕೇಳಿದ. ಕೈ ಜಾರಿತೋ,
ಬೇಕೆಂದೇ ಬೀಳಿಸಿದೆನೋ.
ಗದ್ದ ಎದೆಗೆ ತಾಗುವಷ್ಟು ಬಗ್ಗಿ
ಎತ್ತಿ ಕೊಟ್ಟ.