ಸಹಿ

ಬೆಳಗಿನ ಆರೂಕಾಲು. ಎಲ್ಗೊಯಿಬಾರ್‌ನ ಹೊಳೆಯ ಮೇಲೆ ಮಂಜು.
ಮುಖಕ್ಕೆ ಮುಸುಕು ಕಟ್ಟಿದ ನೆಕಾನೆ
ಬೂದುಬಣ್ಣದ ಪುಡಿಯನ್ನು ಬ್ರಷ್ಷಿನಿಂದ ಸರಿಸುತ್ತಾಳೆ,
ಹೂತದ್ದನ್ನು ಎಬ್ಬಿಸುವ ಹಾಗೆ.

ಮೂವತ್ತೊಂದು ಗಂಟೆ ಲೇಸರ್ ಪದರ ಪದರವಾಗಿ ಹೊಲಿದ ವಾಲ್ವು.
ನೋಡಲು ಲಕ್ಷಣ. ಒಂದು ಮೂಲೆ ಮಾತ್ರ
ಮುನಿಸಿಕೊಂಡು ಮೇಲೆದ್ದಿದೆ, ಕೂದಲೆಳೆಯಷ್ಟು.
ಹೋದ ವಾರವೂ ಇದೇ ಪುಡಿ, ಇದೇ ಅಳತೆ, ಇದೇ ಆರ್ಗಾನ್;
ಆಗ ಎದ್ದಿರಲಿಲ್ಲ.

ಗೊತ್ಸೋನ್ ನಲವತ್ತು ವರ್ಷ ಲೇತಿನ ಮುಂದೆ ನಿಂತವನು,
ಕೆತ್ತಿ ಕೆತ್ತಿ ಆಕಾರ ಕಂಡವನು.
ಈಗ ಆಧಾರದ ಕಡ್ಡಿಗಳನ್ನು ಕತ್ತರಿಸುತ್ತ ಗೊಣಗುತ್ತಾನೆ:
"ಕೂಸಿಗಿಂತ ಕುಲಾವಿಗೇ ಖರ್ಚು."

ಸಹಿ ಹಾಕಬೇಕಾದವಳು ನಾನು.
ಸ್ಕ್ಯಾನಿನ ಚಿತ್ರದಲ್ಲಿ, ಗೋಡೆಯ ನಡುವೆ,
ಕಾಲು ಸಾಸಿವೆಯಷ್ಟು ಕತ್ತಲೆ.
ಒಡೆಯುತ್ತದೆಯೇ? ಗೊತ್ತಿಲ್ಲ.
ಒಡೆಯುವುದಿಲ್ಲವೇ? ಅದೂ ಗೊತ್ತಿಲ್ಲ.
ಎರಕದ ವಾಲ್ವುಗಳಲ್ಲಿ ಇದಕ್ಕಿಂತ ದೊಡ್ಡ ತೂತಿಗೆ
ಕಾಫಿ ಕುಡಿಯುತ್ತಲೇ ಸಹಿ ಹಾಕಿದ್ದೇನೆ;
ಅವಕ್ಕೊಂದು ಪುಸ್ತಕವಿತ್ತು, ಪುಸ್ತಕದಲ್ಲಿ ಪುಟವಿತ್ತು,
ನಾಳೆ ಯಾರಾದರೂ ಕೇಳಿದರೆ
ಬೆರಳಿಟ್ಟು ತೋರಿಸಲು ಒಂದು ಸಾಲಿತ್ತು.

ಗೊತ್ಸೋನ್ ವಾಲ್ವನ್ನೆತ್ತಿ ಬೆರಳ ಗೆಣ್ಣಿನಿಂದ ತಟ್ಟುತ್ತಾನೆ.
ಕಿವಿಗೆ ಹಿಡಿಯುತ್ತಾನೆ. ಎಷ್ಟೋ ಹೊತ್ತು.
ಎರಕವಾಗಿದ್ದರೆ ಅದರ ಸುಳ್ಳು ಇವನಿಗೆ ಕೇಳುತ್ತಿತ್ತು.
"ಇದರ ಭಾಷೆ ನನಗೆ ಬರುವುದಿಲ್ಲ"
ಎಂದು ಮೇಜಿನ ಮೇಲಿಡುತ್ತಾನೆ,
ಬೇರೆಯವರ ಮನೆಯ ಕೂಸನ್ನು ಮರಳಿಸುವಂತೆ.

ಬಿಲ್ಬಾವೊದಿಂದ ಗಿರಾಕಿಯ ಫೋನು, ಮೂರನೆಯ ಸಲ.
ಒಂದೇ ಒಂದು ವಾಲ್ವಿಗೆ ಹಡಗು ಕಾದು ನಿಂತಿದೆ.
ಯಂತ್ರ ಮಾರಿದವರ ಚಿತ್ರಪುಸ್ತಕದಲ್ಲಿ
ಗುಂಡಿ ಒತ್ತುವ ಹುಡುಗಿ ಎಷ್ಟು ನಗುತ್ತಿದ್ದಳು!

ಪೆನ್ನಿನ ಮುಚ್ಚಳ ತೆಗೆದು, ಮತ್ತೆ ಹಾಕಿ,
ನೆಕಾನೆಗೆ ಹೇಳುತ್ತೇನೆ:
"ಇನ್ನೂ ಎರಡು ಮಾಡು. ಒಂದನ್ನು ಕೊಯ್ದು ಒಳಗೆ ನೋಡೋಣ."
"ಯಾವುದನ್ನು?"
"ಚೆನ್ನಾಗಿ ಬಂದದ್ದನ್ನು."