ಮೂರು ಸೊನ್ನೆಯಾಗುವ ಕಡೆ

ದಾವಣಗೆರೆ, ಬಾಷಾ ನಗರ, ಕೊನೇ ಸಾಲಿನ ಭಟ್ಟಿ.
ಮೂರು ಜನ, ಮೂರು ಕೆಲಸ:
ಬೆಂಕಿಗೆ ಹೊಟ್ಟು ಎರಚುವುದು,
ಕಾದ ಮರಳಲ್ಲಿ ಅಕ್ಕಿ ತಿರುವುವುದು,
ಜರಡಿ ಹಿಡಿಯುವುದು.
ಬೆಂಕಿಯ ಬಾಯಿಗೆ ಒಬ್ಬರೇ ದಿನವೂ ನಿಲ್ಲಲಾಗದು;
ಅದಕ್ಕೇ ಅದಲು ಬದಲು.
ಅಮ್ಮಿ, ಚಮನ್ ಸಾಬ್, ಹಾಲೇಶಿ
ನಿಲ್ಲುವ ಬಗೆ ಆರು.
ಆರು ದಿನಕ್ಕೆ ಆರು, ಶುಕ್ರವಾರ ರಜೆ.
ಆರಕ್ಕೇರುವುದು ಮೂರಕ್ಕಿಳಿಯುವುದು
ನಮ್ಮಲ್ಲಿ ಗಾದೆಯಲ್ಲ, ಪಾಳಿ.

ಗುರುವಾರ ಸಂಜೆಯ ಕೈಗಡದ ಪುಸ್ತಕ ನನ್ನದು,
ಎಂಟನೇ ಕ್ಲಾಸಿನಿಂದಲೂ.
ಅಮ್ಮಿಗೆ ಬರಬೇಕಾದ್ದು ಎಪ್ಪತ್ತು,
ಹಾಲೇಶಿ ಕೊಡಬೇಕಾದ್ದು ನಲವತ್ತು,
ಚಮನ್ ಸಾಬ್ ಮೂವತ್ತು.
ಕೂಡಿದರೆ ಸೊನ್ನೆ.
ಬೀಡಿಗೆ ಕೊಟ್ಟಿದ್ದಿರಲಿ, ಬಾಣಂತನಕ್ಕೆ ಕೊಟ್ಟಿದ್ದಿರಲಿ,
ಕೂಡಿದರೆ ಸೊನ್ನೆ.
ಬರದಿದ್ದರೆ ತಪ್ಪು ನನ್ನದು.

ಶಿವಗಂಗೋತ್ರಿಯ ಬೋರ್ಡಿನ ಮೇಲೆ ಕೊಟ್ರೇಶ್ ಸರ್
ಅದೇ ಪುಸ್ತಕ ಬಿಡಿಸಿಟ್ಟಾಗ
ಯಾರೋ ನನ್ನ ಬ್ಯಾಗು ತೆರೆದಂತಾಯಿತು.
ಮೂರು ಅಂಕಿ, ಮೊತ್ತ ಸೊನ್ನೆ.
ಇದು ಮಾಡ್ಯೂಲ್, ಅಂದರು, ಒಂದು ಮನೆ ಅಂದ್ಕೊಳ್ಳಿ;
ಯಾರನ್ನು ಯಾರ ಜಾಗಕ್ಕೆ ತಂದರೂ
ಹೊಸ್ತಿಲು ದಾಟುವುದಿಲ್ಲ.
ಪಕ್ಕದಲ್ಲೇ ಇನ್ನೊಂದು, ಗೂಡಿನಷ್ಟು ಸಣ್ಣದು:
ಮೂವರಿಗೂ ಅಷ್ಟಷ್ಟೇ.
ಎಷ್ಟು ಅದಲು ಬದಲಾದರೂ ಅಲ್ಲಿ ದೂಳೂ ಅಲುಗದು.
ಈಗ ಹೇಳಿ,
ಇದರಿಂದ ಅದಕ್ಕೆ ಮ್ಯಾಪ್ ಇದೆಯಾ?

“ಮ್ಯಾಪು? ಯಾವ ಊರಿಂದು?” ಅಂದಳು ಅಮ್ಮಿ,
ರೆಪ್ಪೆಯ ಮಸಿ ಸೆರಗಿನಿಂದ ಒರೆಸುತ್ತ.
ಊರಿನದಲ್ಲಮ್ಮಿ, ನಡತೆಯದು.
ಮೊದಲು ಜಾಗ ಬದಲಿಸಿ ಆಮೇಲೆ ದಾಟು,
ಇಲ್ಲವೇ ದಾಟಿದ ಮೇಲೆ ಜಾಗ ಬದಲಿಸು,
ಮುಟ್ಟುವುದು ಒಂದೇ ಕಡೆ ಆಗಬೇಕು.
ಎಲ್ಲರನ್ನೂ ಸೊನ್ನೆಗೆ ಕೆಡವುವ ದಾರಿ
ಎಲ್ಲೆಲ್ಲೂ ಇದ್ದೇ ಇರುತ್ತದೆ;
ಅದನ್ನು ದಾರಿ ಅನ್ನುವುದು ಬಾಯಿಮಾತಿಗೆ.

ಗೂಡಿನಿಂದ ಹೊರಟೆ: ಒಂದು, ಒಂದು, ಒಂದು.
ಕೂಡಿದರೆ ಮೂರು. ಬಾಗಿಲಲ್ಲೇ ತಡೆ.
ಮೂವರಿಗೂ ಬಂದಿದ್ದರೆ ಕೊಟ್ಟವರು ಯಾರು?
ಚಮನ್ ಸಾಬ್‌ನನ್ನು ಕೇಳಿದೆ. ಕೆಮ್ಮಿ ಕೆಮ್ಮಿ ನಕ್ಕ.
“ಮಾಲೀಕ ಕೊಟ್ಟಿರಬೇಕು ಬೇಟಿ,
ನಿನ್ ಪುಸ್ತಕದಾಗೆ ಅವ್ನ ಹೆಸರೇ ಇಲ್ವಲ್ಲ.”

ಎರಡು ರಾತ್ರಿ ಮೂರಾಬಟ್ಟೆಯಾದವು.

“ದಾರಿ ಹುಡುಕಬೇಡ, ಲೆಕ್ಕ ಬದಲಿಸು,”
ಸರ್ ಸೈಕಲ್ ಹತ್ತುತ್ತ ಅಂದರು,
“ಮೂರಕ್ಕೆ ತಿರುಗೋ ಲೆಕ್ಕ ಹಿಡಿ.”
ಸೊನ್ನೆ, ಒಂದು, ಎರಡು, ಮತ್ತೆ ಸೊನ್ನೆ.
ಬೆಂಕಿ, ಮರಳು, ಜರಡಿ, ಮತ್ತೆ ಬೆಂಕಿ.
ಅಲ್ಲಿ ಒಂದು, ಒಂದು, ಒಂದು
ಕೂಡಿದರೆ ಸೊನ್ನೆ.
ಸಮಪಾಲು ಸದ್ದಿಲ್ಲದೆ ಕೈಗಡದ ಮನೆಯೊಳಗೆ ಹೋಗಿ ಕೂತಿತು.

ಹಳೇ ಲೆಕ್ಕದಲ್ಲಿ ಜರಡಿ ಆಡುತ್ತಿತ್ತು:
ಸಮಪಾಲು ಇತ್ತ, ಸಾಲ ಅತ್ತ,
ಮರಳು ಕೆಳಗೆ, ಮಂಡಕ್ಕಿ ಮೇಲೆ.
ಈ ಲೆಕ್ಕದಲ್ಲಿ ಜರಡಿಗೆ ಕಣ್ಣೇ ಇಲ್ಲ;
ಒಳಗೆ ಹೋದದ್ದನ್ನು ಬೇರೆ ಮಾಡಲು ಬಾರದು.
ದಾರಿಯೂ ಒಮ್ಮುಖ.
ಮರಳಿ ಬರಲು ನೋಡಿದರೆ
ಇಬ್ಬರು ಜಾಗ ಬದಲಿಸಿದಾಗಲೆಲ್ಲ
ಬರಬೇಕಾದ್ದು ಕೊಡಬೇಕಾದ್ದಾಗಿ ಮಗುಚುತ್ತದೆ.

ನನ್ನ ಪ್ರಬಂಧದ ಮನೆಗಳು ಇನ್ನೂ ದೊಡ್ಡವು,
ಸಾಲು ಸಾಲು ಚೌಕ, ಮೇಲೆ ಉದ್ದ, ಕೆಳಗೆ ಗಿಡ್ಡ;
ಮೂರು ವರ್ಷವಾಯಿತು, ಹಲವಕ್ಕೆ ಕದವೇ ಸಿಕ್ಕಿಲ್ಲ.
ಸಿಕ್ಕಿದ ಮೊದಲ ಕದ ಮಾತ್ರ ಇದು.

ಮೊನ್ನೆ ಹಾಲೇಶಿಯ ಮೊಣಕೈ ಮರಳಲ್ಲಿ ಬೆಂದಿತು.
ಭಟ್ಟಿಗೆ ಇಬ್ಬರೇ.
ನಿಲ್ಲುವ ಬಗೆ ಎರಡು. ಒಂದು, ಒಂದು.
ಮೂರಕ್ಕೆ ತಿರುಗುವ ಲೆಕ್ಕದಲ್ಲೂ
ಎರಡು ಎರಡೇ. ಕದ ಹಾಕಿತು.

ಗುರುವಾರ ಅಮ್ಮಿ ಕೂಲಿಯನ್ನು ಮೂರು ಗುಡ್ಡೆ ಮಾಡಿದಳು.
“ಬರ್ಕೋ, ಮೂವರಿಗೂ ಅಷ್ಟಷ್ಟೇ.”
ಕೈಗಡದ ಪುಸ್ತಕ ಅಮ್ಮಿ ಇದು, ಹಾಗೆ ಬರೆದರೆ
ಕೂಡಿದಾಗ ತಪ್ಪು ಬರುತ್ತೆ.
“ಬರ್ಲಿ,” ಅಂದಳು,
ಹಾಲೇಶಿಯ ಗುಡ್ಡೆಯನ್ನು ಕಾಗದದಲ್ಲಿ ಸುತ್ತಿ,
ಮೇಲೊಂದು ಹಿಡಿ ಬಿಸಿ ಮಂಡಕ್ಕಿ ಇಟ್ಟು.